ಮುತ್ತಿಡಲು ಬಂದ ರಾಜಕುಮಾರ ಟಿಕೆಟ್ ಮಾರಿದ!

ನಿದ್ರಾಸುಂದರಿಯ ಕಥೆ ಹೇಗೆ ಮುಗಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಶಾಪಕ್ಕೆ ಗುರಿಯಾದ ರಾಜಕುಮಾರಿ ನೂರು ವರ್ಷ ಮಲಗುತ್ತಾಳೆ. ಅರಮನೆಯ ಸುತ್ತ ಮುಳ್ಳಿನ ಕಾಡು ಬೆಳೆಯುತ್ತದೆ. ಕೊನೆಗೊಬ್ಬ ರಾಜಕುಮಾರ ಬಂದು ಮುತ್ತಿಡುತ್ತಾನೆ, ಆಕೆ ಕಣ್ಣು ತೆರೆಯುತ್ತಾಳೆ, ಮದುವೆಯಾಗುತ್ತದೆ. ಆದರೆ 1959ರಲ್ಲಿ ಅಮೆರಿಕದ ಟೆಲಿವಿಷನ್‌ನಲ್ಲಿ ಆರಂಭವಾದ ಒಂದು ಕಾರ್ಟೂನ್ ಸರಣಿ ಈ ಕಥೆಗೆ ಬೇರೊಂದು ತಿರುವು ಕೊಟ್ಟಿತು. ಅಲ್ಲಿಯೂ ರಾಜಕುಮಾರ ಬರುತ್ತಾನೆ, ಮುತ್ತಿಡಲು ಬಾಗುತ್ತಾನೆ. ತುಟಿ ಇನ್ನೇನು ತಾಕಬೇಕು, ಅಷ್ಟರಲ್ಲಿ ಅವನ ತಲೆಯೊಳಗೆ ಲೆಕ್ಕಾಚಾರ ಶುರುವಾಗುತ್ತದೆ. ಎಚ್ಚರವಿರುವ ರಾಜಕುಮಾರಿಯರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಮಲಗಿಯೇ ಇರುವವಳು ಇವಳೊಬ್ಬಳೇ. ನೋಡಲು ಜನ ಕಾಸು ಕೊಡದೆ ಇರುತ್ತಾರೆಯೇ?

ಮುತ್ತು ಅಲ್ಲಿಗೇ ನಿಂತಿತು. ಅರಮನೆಯ ಸುತ್ತ ‘ಸ್ಲೀಪಿಂಗ್ ಬ್ಯೂಟಿ ಲ್ಯಾಂಡ್’ ಎಂಬ ಮೋಜಿನ ತಾಣ ಎದ್ದಿತು. ಟಿಕೆಟ್ ಮಾರಾಟ ಭರದಿಂದ ಸಾಗಿತು. ಶಾಪ ಕೊಟ್ಟ ಮಾಟಗಾತಿಯೂ ಲಾಭದಲ್ಲಿ ಪಾಲು ಕೇಳಿಕೊಂಡು ಬಂದಳು. ರಾಜಕುಮಾರನ ಮುಖದ ಮೇಲೆ ಅಚ್ಚುಕಟ್ಟಾದ ಒಂದು ತೆಳು ಮೀಸೆ. ಅದನ್ನು ನೋಡಿದ ದೊಡ್ಡವರಿಗೆ ಅದು ಯಾರ ಮುಖವೆಂದು ಹೇಳಿಕೊಡಬೇಕಾಗಿರಲಿಲ್ಲ. ಅದು ವಾಲ್ಟ್ ಡಿಸ್ನಿ ಅವರ ಮುಖ.

ಈ ತಮಾಷೆ ಬರಿಯ ತಮಾಷೆಯಾಗಿರಲಿಲ್ಲ ಎಂಬುದನ್ನು ತಿಳಿಯಲು ಆಗಿನ ಕೆಲವು ಸಂಗತಿಗಳನ್ನು ನೆನೆಯಬೇಕು. ಕ್ಯಾಲಿಫೋರ್ನಿಯದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಅದರ ನಡುವೆ ಎದ್ದು ನಿಂತ ಕೋಟೆಗೆ ನಿದ್ರಾಸುಂದರಿಯ ಹೆಸರನ್ನೇ ಇಡಲಾಗಿತ್ತು. ಆದರೆ ಡಿಸ್ನಿಯ ‘ಸ್ಲೀಪಿಂಗ್ ಬ್ಯೂಟಿ’ ಚಿತ್ರ ತೆರೆ ಕಂಡದ್ದು 1959ರಲ್ಲಿ. ಅಂದರೆ ಕೋಟೆ ಮೊದಲು, ಸಿನಿಮಾ ನಾಲ್ಕು ವರ್ಷದ ನಂತರ! ನಮ್ಮಲ್ಲಿ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುತ್ತಾರೆ ಎನ್ನುವುದಿಲ್ಲವೆ, ಹಾಗೆ. ಯಾರ ಸ್ವತ್ತೂ ಅಲ್ಲದ ಹಳೆಯ ಕಥೆಯೊಂದರ ಸುತ್ತ ಬೇಲಿ ಹಾಕಿ, ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ ನಿಜವಾಗಿಯೂ ನಡೆದಿತ್ತು. ಕಾರ್ಟೂನ್ ಮಾಡಿದ್ದು ಇಷ್ಟೇ, ಅದನ್ನು ಕಥೆಯ ಒಳಗೇ ತಂದು ಕೂರಿಸಿತು.

ಇನ್ನೂ ಒಂದು ಸ್ವಾರಸ್ಯವಿದೆ. ಡಿಸ್ನಿಲ್ಯಾಂಡ್ ಕಟ್ಟಲು ಬಂಡವಾಳ ಹೂಡಿದವರಲ್ಲಿ ಎಬಿಸಿ ಟೆಲಿವಿಷನ್ ವಾಹಿನಿಯೂ ಒಂದು. ಡಿಸ್ನಿಯನ್ನು ಗೇಲಿ ಮಾಡಿದ ಈ ಕಾರ್ಟೂನ್ ಸರಣಿ ಆರಂಭವಾದದ್ದು ಅದೇ ಎಬಿಸಿಯಲ್ಲಿ.

ಸರಣಿಯ ಹೆಸರು ‘ರಾಕಿ ಅಂಡ್ ಹಿಸ್ ಫ್ರೆಂಡ್ಸ್’. ಹಾರುವ ಅಳಿಲು ರಾಕಿ ಮತ್ತು ಪೆದ್ದು ಕಡವೆ ಬುಲ್‌ವಿಂಕಲ್ ಅದರ ನಾಯಕರು. ಶೀತಲ ಸಮರದ ಕಾಲವಾದ್ದರಿಂದ ಬೋರಿಸ್ ಮತ್ತು ನತಾಶಾ ಎಂಬ ಇಬ್ಬರು ಗೂಢಚಾರರು ಅವರ ಬೆನ್ನಿಗೆ. ಈ ಸಾಹಸಗಳ ನಡುವೆ ನಾಲ್ಕೈದು ನಿಮಿಷದ ಬಿಡಿ ಕಂತುಗಳು ಬರುತ್ತಿದ್ದವು. ಅವುಗಳಲ್ಲೊಂದು ‘ಫ್ರಾಕ್ಚರ್ಡ್ ಫೇರಿ ಟೇಲ್ಸ್’, ಕನ್ನಡದಲ್ಲಿ ಹೇಳುವುದಾದರೆ ಮೂಳೆ ಮುರಿದ ಕಿನ್ನರಕಥೆಗಳು. ಒಟ್ಟು 91 ಕಥೆಗಳ ಮೂಳೆ ಹೀಗೆ ಮುರಿಯಿತು. ಕೆಂಪು ಟೋಪಿಯ ಹುಡುಗಿ ಇಲ್ಲಿ ಟೋಪಿಗಳ ಅಂಗಡಿ ಇಟ್ಟ ವ್ಯಾಪಾರಿ. ಸರಕಿಗಾಗಿ ಅವಳಿಗೆ ತೋಳದ ಚರ್ಮ ಬೇಕು. ಪಾಪ, ತೋಳವೋ ಹುಡುಗಿಯರನ್ನು ತಿನ್ನುವ ಚಟ ಬಿಟ್ಟು, ಕುಡಿತ ಬಿಟ್ಟವರು ಸಂಘ ಕಟ್ಟಿಕೊಳ್ಳುವಂತೆ ಸಂಘವೊಂದಕ್ಕೆ ಸೇರಿದೆ. ಕಾಡಿನಲ್ಲಿ ಯಾರು ಯಾರಿಗೆ ಹೆದರಬೇಕು ಎಂಬ ಪ್ರಶ್ನೆಯೇ ತಲೆಕೆಳಗಾಗುತ್ತದೆ.

ಈ ಸರಣಿಯನ್ನು ಕಟ್ಟಿದವರು ಇಬ್ಬರು. ಒಬ್ಬರು ಜೇ ವಾರ್ಡ್. 1920ರಲ್ಲಿ ಹುಟ್ಟಿದ ಇವರು ಹಾರ್ವರ್ಡ್‌ನಲ್ಲಿ ವ್ಯವಹಾರ ಶಾಸ್ತ್ರ ಓದಿದವರು, ವೃತ್ತಿಯಿಂದ ನಿವೇಶನ ಮತ್ತು ಮನೆಗಳ ವ್ಯಾಪಾರಿ. ಚಿತ್ರ ಬರೆಯುವವರಲ್ಲ. ಗೆಳೆಯ ಅಲೆಕ್ಸ್ ಆಂಡರ್ಸನ್ ಜೊತೆ ಸೇರಿ ‘ಕ್ರುಸೇಡರ್ ರ್ಯಾಬಿಟ್’ ಎಂಬ, ಟೆಲಿವಿಷನ್‌ಗೆಂದೇ ತಯಾರಾದ ಮೊದಲ ಕಾರ್ಟೂನ್ ಸರಣಿಗಳಲ್ಲೊಂದನ್ನು ಮಾಡಿ ಕೈ ಪಳಗಿಸಿಕೊಂಡಿದ್ದರು. ನಿದ್ರಾಸುಂದರಿಯ ಅರಮನೆಯನ್ನು ಲಾಭದ ನಿವೇಶನವಾಗಿ ಕಂಡ ರಾಜಕುಮಾರನ ಹಿಂದೆ ಒಬ್ಬ ನಿಜವಾದ ನಿವೇಶನ ವ್ಯಾಪಾರಿ ಇದ್ದರು ಎಂಬುದು ಗಮನಿಸತಕ್ಕದ್ದು. ಇನ್ನೊಬ್ಬರು ಬಿಲ್ ಸ್ಕಾಟ್. ಮುಖ್ಯ ಬರಹಗಾರರೂ ಅವರೇ, ಬುಲ್‌ವಿಂಕಲ್‌ನ ದನಿಯೂ ಅವರದೇ.

ಹಣ ಕೊಟ್ಟವರು ಜನರಲ್ ಮಿಲ್ಸ್, ಬೆಳಗಿನ ತಿಂಡಿಗೆ ಹಾಲಿನಲ್ಲಿ ಹಾಕಿಕೊಂಡು ತಿನ್ನುವ ಧಾನ್ಯದ ಪೊಟ್ಟಣಗಳನ್ನು ಮಾರುವ ಕಂಪನಿ. ಹಣ ಸಾಕಷ್ಟಿರಲಿಲ್ಲ. ಹಾಗಾಗಿ ಚಿತ್ರ ಬಿಡಿಸುವ ಕೆಲಸ ಮೆಕ್ಸಿಕೋ ನಗರಕ್ಕೆ ಹೋಯಿತು. ಅಲ್ಲಿ ಕೂಲಿ ಕಡಿಮೆ. ಫಲಿತಾಂಶ ತೆರೆಯ ಮೇಲೆ ಎದ್ದು ಕಾಣುತ್ತಿತ್ತು. ಒಂದು ದೃಶ್ಯದಲ್ಲಿ ಇದ್ದ ಮೀಸೆ ಮುಂದಿನ ದೃಶ್ಯದಲ್ಲಿ ಮಾಯ. ಅಂಗಿಯ ಬಣ್ಣ ನಡುವೆಯೇ ಬದಲು.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಡಿಸ್ನಿ ಚಿತ್ರಗಳಲ್ಲಿ ಪ್ರತಿ ಸೆಕೆಂಡಿಗೆ ಹನ್ನೆರಡೋ ಇಪ್ಪತ್ತನಾಲ್ಕೋ ಬೇರೆ ಬೇರೆ ಚಿತ್ರಗಳನ್ನು ಕೈಯಲ್ಲಿ ಬಿಡಿಸುತ್ತಿದ್ದರು. ‘ಸ್ಲೀಪಿಂಗ್ ಬ್ಯೂಟಿ’ಗೆ ಸುಮಾರು 60 ಲಕ್ಷ ಡಾಲರ್ ಖರ್ಚಾಯಿತು, ಅಲ್ಲಿಯವರೆಗೆ ಆ ಸಂಸ್ಥೆ ಮಾಡಿದ್ದ ಕಾರ್ಟೂನ್ ಚಿತ್ರಗಳಲ್ಲೆಲ್ಲ ದುಬಾರಿಯಾದದ್ದು ಅದು. ಟೆಲಿವಿಷನ್‌ಗೆ ಆ ವೈಭವ ಎಲ್ಲಿಂದ ಬರಬೇಕು? ದೇಹ ಅಲ್ಲಾಡದೆ ಬಾಯಿ ಮಾತ್ರ ಅಲ್ಲಾಡುವುದು, ಒಂದೇ ಹಿನ್ನೆಲೆ ಮತ್ತೆ ಮತ್ತೆ ಬರುವುದು, ಇದೇ ಅದರ ಪದ್ಧತಿ.

ಆದರೆ ಈ ಬಡತನವೇ ಸರಣಿಯ ಬಂಡವಾಳವಾಯಿತು. ಕಣ್ಣಿಗೆ ಕೊಡಲು ಹೆಚ್ಚೇನೂ ಇಲ್ಲದ್ದರಿಂದ ಎಲ್ಲವನ್ನೂ ಕಿವಿಗೆ ಕೊಡಬೇಕಾಯಿತು. ನಮ್ಮ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ‘ಫ್ರಾಕ್ಚರ್ಡ್ ಫೇರಿ ಟೇಲ್ಸ್’ ಕೂಡ ಒಂದು ಬಗೆಯಲ್ಲಿ ಮಾತಿನ ಆಟವೇ. ಕಣ್ಣು ಮುಚ್ಚಿ ಕೇಳಿದರೂ ಅರ್ಥಕ್ಕೇನೂ ಕೊರತೆಯಾಗದು.

ಕಥೆ ಹೇಳುತ್ತಿದ್ದವರು ಎಡ್ವರ್ಡ್ ಎವೆರೆಟ್ ಹಾರ್ಟನ್. 1935ರ ‘ಟಾಪ್ ಹ್ಯಾಟ್’ ಮೊದಲಾದ ಹಾಲಿವುಡ್ ಚಿತ್ರಗಳಲ್ಲಿ ತಡವರಿಸುವ, ಗಾಬರಿಬೀಳುವ ಸದ್ಗೃಹಸ್ಥನ ಪಾತ್ರಗಳಿಂದ ಹೆಸರು ಮಾಡಿದ್ದ ಹಿರಿಯ ನಟ. ಸರಣಿ ಆರಂಭವಾದಾಗ ಅವರಿಗೆ 73 ವರ್ಷ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುವ ಅಜ್ಜನ ದನಿಯಲ್ಲಿ, ಏನೂ ಅರಿಯದವರಂತೆ, ಅವರು ಕಥೆಯನ್ನು ಹಳ್ಳಕ್ಕೆ ಕೆಡವುತ್ತಿದ್ದರು. ಆ ಗಾಂಭೀರ್ಯ ಇಲ್ಲದಿದ್ದರೆ ನಗೆಯೂ ಇರುತ್ತಿರಲಿಲ್ಲ. ಹೇಳುವವನೇ ಮೊದಲು ನಕ್ಕುಬಿಟ್ಟರೆ ಕೇಳುವವರಿಗೆ ಉಳಿಯುವುದೇನು?

ರಾಜಕುಮಾರಿ, ಮಲತಾಯಿ, ಮಾಟಗಾತಿ ಮೊದಲಾದ ಹೆಣ್ಣು ಪಾತ್ರಗಳಿಗೆ ಹೆಚ್ಚಾಗಿ ದನಿ ಕೊಟ್ಟವರು ಜೂನ್ ಫೋರೆ. ಅವರೇ ರಾಕಿಯ ದನಿಯೂ ಹೌದು, ನತಾಶಾಳ ದನಿಯೂ ಹೌದು. 1950ರಲ್ಲಿ ಡಿಸ್ನಿಯ ‘ಸಿಂಡರೆಲಾ’ದಲ್ಲಿ ಲೂಸಿಫರ್ ಎಂಬ ಬೆಕ್ಕಿಗೆ ದನಿಯಾದವರೂ ಅವರೇ, ಅಸಲು ಕಥೆಯಲ್ಲೂ ಅಣಕದಲ್ಲೂ ಒಂದೇ ಗಂಟಲು. ಅವರು 2017ರಲ್ಲಿ, ನೂರು ತುಂಬಲು ಎರಡು ತಿಂಗಳಷ್ಟೇ ಬಾಕಿ ಇರುವಾಗ ತೀರಿಕೊಂಡರು. ಗಂಡು ಪಾತ್ರಗಳ ದನಿ ಬಹುಮಟ್ಟಿಗೆ ಡಾಸ್ ಬಟ್ಲರ್ ಅವರದು. ಆದರೆ ತೆರೆಯ ಮೇಲೆ ಅವರ ಹೆಸರು ಬರುತ್ತಿರಲಿಲ್ಲ. ಹಕಲ್‌ಬೆರಿ ಹೌಂಡ್, ಯೋಗಿ ಬೇರ್ ಪಾತ್ರಗಳ ದನಿಯೂ ಅವರದೇ ಆಗಿದ್ದು, ಆ ಸರಣಿಯ ಪ್ರಾಯೋಜಕರು ಕೆಲಾಗ್ಸ್. ಜನರಲ್ ಮಿಲ್ಸ್‌ನ ನೇರ ಪ್ರತಿಸ್ಪರ್ಧಿ. ತಿಂಡಿ ಪೊಟ್ಟಣಗಳ ಜಗಳದಲ್ಲಿ ಕಲಾವಿದನ ಹೆಸರು ಮರೆಯಾಯಿತು.

ಇದೇ ಸರಣಿಯಲ್ಲಿ ‘ಈಸೋಪ್ ಅಂಡ್ ಸನ್’ ಎಂಬ ಇನ್ನೊಂದು ಬಿಡಿ ಕಂತು ಇತ್ತು. ತಂದೆ ಈಸೋಪ ಗಂಭೀರವಾಗಿ ನೀತಿಕಥೆ ಹೇಳಿ ನೀತಿ ಬೋಧಿಸುತ್ತಾನೆ. ಮಗ ಅದನ್ನು ಶ್ಲೇಷೆಯಲ್ಲಿ ತಿರುಚಿ ಬೇರೆಯದೇ ನೀತಿ ಹೇಳುತ್ತಾನೆ. ಇಂತಹ ಶ್ಲೇಷೆಗಳೇ ಸರಣಿಯ ಜೀವಾಳ. ಬೇರೆ ಭಾಷೆಗೆ ತಂದರೆ ಹರಳು ಬಿದ್ದುಹೋಗಿ ಉಂಗುರ ಮಾತ್ರ ಉಳಿಯುತ್ತದೆ.

ಅಣಕದ ಮೊದಲ ಗುರು ಯಾರು?

ಕಿನ್ನರಕಥೆಯ ಅಣಕ ಟೆಲಿವಿಷನ್‌ನ ಸಂಶೋಧನೆಯಲ್ಲ. ಟಾಮ್ ಅಂಡ್ ಜೆರಿ ತಯಾರಿಸಿದ ಎಂಜಿಎಂ ಸಂಸ್ಥೆಯಲ್ಲೇ ಇದ್ದ ಟೆಕ್ಸ್ ಏವರಿ ಎಂಬ ನಿರ್ದೇಶಕ 1943ರಲ್ಲಿ ‘ರೆಡ್ ಹಾಟ್ ರೈಡಿಂಗ್ ಹುಡ್’ ಎಂಬ ಕಿರುಚಿತ್ರ ಮಾಡಿದರು. ಅದು ಎಂದಿನಂತೆ ಸೌಮ್ಯವಾಗಿಯೇ ಆರಂಭವಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ತೋಳ ಮುನಿಸಿಕೊಂಡು ನಿಂತುಬಿಡುತ್ತದೆ: ಎಷ್ಟು ವರ್ಷ ಇದೇ ಕಥೆ? ಹುಡುಗಿಯೂ ಅಜ್ಜಿಯೂ ದನಿಗೂಡಿಸುತ್ತಾರೆ. ಪಾತ್ರಧಾರಿಗಳ ಮುಷ್ಕರಕ್ಕೆ ಮಣಿದ ನಿರೂಪಕ ಹೊಸದಾಗಿ ಕಥೆ ಶುರು ಮಾಡುತ್ತಾನೆ. ಈಗ ತೋಳ ಹಾಲಿವುಡ್‌ನ ಸೂಟುಧಾರಿ, ಹುಡುಗಿ ನೈಟ್‌ಕ್ಲಬ್ಬಿನ ಗಾಯಕಿ. ಅಜ್ಜಿಯೇ ತೋಳವನ್ನು ಅಟ್ಟಿಸಿಕೊಂಡು ಹೋಗುತ್ತಾಳೆ. ಇದು ದೊಡ್ಡವರಿಗೆಂದು ಚಿತ್ರಮಂದಿರಕ್ಕಾಗಿ ಮಾಡಿದ್ದು. ಇಂತಹ ಚಿತ್ರಮಂದಿರದ ಕಾರ್ಟೂನ್‌ಗಳು ಟೆಲಿವಿಷನ್ ಮೂಲಕ ಮಕ್ಕಳ ಮುಂದೆ ಬಂದದ್ದು ಆಮೇಲಿನ ಮಾತು. ಅದಕ್ಕೂ ಮುಂಚೆ, 1933ರಲ್ಲಿ, ಫ್ಲೀಷರ್ ಸಂಸ್ಥೆ ಬೆಟ್ಟಿ ಬೂಪ್ ಎಂಬ ತನ್ನ ನಾಯಕಿಯನ್ನಿಟ್ಟು ‘ಸ್ನೋ ವೈಟ್’ ಮಾಡಿತ್ತು. ಡಿಸ್ನಿಯ ಪ್ರಸಿದ್ಧ ‘ಸ್ನೋ ವೈಟ್’ ಬಂದದ್ದು ನಾಲ್ಕು ವರ್ಷದ ನಂತರ, 1937ರಲ್ಲಿ.

ಇನ್ನೂ ಹಿಂದಕ್ಕೆ ಹೋದರೆ ಎದುರಾಗುವ ಹೆಸರು ಅಚ್ಚರಿ ಹುಟ್ಟಿಸುತ್ತದೆ. 1922ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಇಪ್ಪತ್ತರ ಹರೆಯದ ತರುಣನೊಬ್ಬ ‘ಲಾಫ್ ಓ ಗ್ರಾಂ’ ಎಂಬ ಪುಟ್ಟ ಸಂಸ್ಥೆ ಕಟ್ಟಿದ. ಅದು ತಯಾರಿಸಿದ್ದು ಹಳೆಯ ಕಿನ್ನರಕಥೆಗಳನ್ನು ಆ ಕಾಲದ ಅಮೆರಿಕಕ್ಕೆ ಎಳೆತಂದು ನಗಿಸುವ ಕಾರ್ಟೂನ್‌ಗಳನ್ನು. ಕೆಂಪು ಟೋಪಿಯ ಹುಡುಗಿಯ ಕಥೆಯಲ್ಲಿ ತೋಳವೇ ಇಲ್ಲ. ಅದರ ಜಾಗದಲ್ಲಿ ಕಾರಿನಲ್ಲಿ ಬರುವ ಷೋಕಿಲಾಲ. ಕಾಪಾಡಲು ಬರುವವನು ವಿಮಾನದಲ್ಲಿ ಬರುತ್ತಾನೆ. ಸಂಸ್ಥೆ 1923ರಲ್ಲಿ ದಿವಾಳಿಯಾಯಿತು. ತರುಣ ಹಾಲಿವುಡ್‌ಗೆ ರೈಲು ಹತ್ತಿದ. ಅವನ ಹೆಸರು ವಾಲ್ಟ್ ಡಿಸ್ನಿ.

ಅಂದರೆ ಜೇ ವಾರ್ಡ್ ಬಳಗ ಡಿಸ್ನಿಗೆ ಹಿಡಿದ ಕನ್ನಡಿಯಲ್ಲಿ ಕಂಡದ್ದು ಡಿಸ್ನಿಯ ಹಳೆಯ ಮುಖವೇ. ಅಣಕಿಸಿ ಸೋತವರು ಭಕ್ತಿಯಿಂದ ಗೆದ್ದರು. ಗೆದ್ದ ಮೇಲೆ ಕಥೆಗಳ ಮೇಲೆ ಅವರ ಮುದ್ರೆ ಎಷ್ಟು ಆಳವಾಗಿ ಬಿತ್ತೆಂದರೆ, ಸ್ನೋ ವೈಟ್‌ನ ಏಳು ಕುಳ್ಳರಿಗೆ ಗ್ರಿಮ್ ಸಹೋದರರು ಹೆಸರೇ ಇಟ್ಟಿರಲಿಲ್ಲ ಎಂದರೆ ಇಂದು ಎಷ್ಟೋ ಜನ ನಂಬುವುದಿಲ್ಲ.

ಮೂಲ ಕಥೆ ಎಂಬುದು ಎಲ್ಲಿದೆ?

‘ಮುರಿದ ಕಥೆ’ ಎಂದಾಗ ಮುರಿಯುವ ಮೊದಲು ಇಡಿಯಾದ ಕಥೆಯೊಂದು ಇತ್ತು ಎಂದಾಗುತ್ತದೆ. ಕಿನ್ನರಕಥೆಗಳ ವಿಷಯದಲ್ಲಿ ಆ ಇಡಿಯಾದದ್ದು ಯಾವುದು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ನಿದ್ರಾಸುಂದರಿಯನ್ನೇ ನೋಡಬಹುದು. 1697ರಲ್ಲಿ ಫ್ರಾನ್ಸಿನ ಶಾರ್ಲ್ ಪೆರೋ ಅಚ್ಚು ಮಾಡಿಸಿದ ಕಥೆಯಲ್ಲಿ ಮುತ್ತೇ ಇಲ್ಲ. ರಾಜಕುಮಾರ ಹಾಸಿಗೆಯ ಬಳಿ ಮಂಡಿಯೂರುತ್ತಾನೆ, ಶಾಪದ ಅವಧಿ ಮುಗಿದಿರುತ್ತದೆ, ಆಕೆ ಏಳುತ್ತಾಳೆ. ಆಕೆಯ ಉಡುಪು ತನ್ನ ಅಜ್ಜಿಯ ಕಾಲದ್ದೆಂಬುದು ರಾಜಕುಮಾರನಿಗೆ ಕಂಡರೂ ಬಾಯಿ ಬಿಡುವುದಿಲ್ಲ ಎಂದು ಪೆರೋ ಸೇರಿಸುತ್ತಾನೆ. ಮುನ್ನೂರು ವರ್ಷಕ್ಕೂ ಹಿಂದಿನ ಈ ಸಾಲು ಜೇ ವಾರ್ಡ್ ಕಂತಿನಲ್ಲಿ ಬಂದಿದ್ದರೆ ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಕೆಂಪು ಟೋಪಿಯ ಹುಡುಗಿಯನ್ನಂತೂ ಪೆರೋನ ತೋಳ ತಿಂದೇಬಿಡುತ್ತದೆ. ಕಾಪಾಡಲು ಯಾರೂ ಬರುವುದಿಲ್ಲ.

ಜರ್ಮನಿಯ ಗ್ರಿಮ್ ಸಹೋದರರ ಸಂಗ್ರಹ ಮೊದಲು ಬಂದದ್ದು 1812ರಲ್ಲಿ. 1857ರವರೆಗೆ ಏಳು ಆವೃತ್ತಿಗಳಲ್ಲಿ ಅದು ತಿದ್ದಿಸಿಕೊಳ್ಳುತ್ತಲೇ ಹೋಯಿತು. ಮೊದಲ ಆವೃತ್ತಿಯಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಡುವವಳು ಹೆತ್ತ ತಾಯಿ. ಮುಂದೆ ಆಕೆ ಮಲತಾಯಿಯಾದಳು. ತಾಯ್ತನಕ್ಕೆ ಕಳಂಕ ಬರಬಾರದೆಂಬ ಕಾಳಜಿ ಇರಬೇಕು. ಕಪ್ಪೆ ರಾಜಕುಮಾರನಾಗುವುದು ಗ್ರಿಮ್ ಕಥೆಯಲ್ಲಿ ಮುತ್ತಿನಿಂದಲ್ಲ. ರೋಸಿಹೋದ ರಾಜಕುಮಾರಿ ಅದನ್ನೆತ್ತಿ ಗೋಡೆಗೆ ಅಪ್ಪಳಿಸಿದಾಗ!

ಸಿಂಡರೆಲಾ ಮಾದರಿಯ ಕಥೆ ಕನ್ನಡದ ಅಜ್ಜಿಯರ ಬಾಯಲ್ಲೂ ಇತ್ತು. ಎ.ಕೆ. ರಾಮಾನುಜನ್ ಅವರು ‘ಹಂಚಿ’ ಎಂಬ ಕಥೆಯನ್ನು ಕನ್ನಡದ ಸಿಂಡರೆಲಾ ಎಂದೇ ಕರೆದು ಬರೆದ ಲೇಖನ, ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡಿಸ್ 1982ರಲ್ಲಿ ಸಂಪಾದಿಸಿದ ಸಿಂಡರೆಲಾ ಸಂಕಲನದಲ್ಲಿದೆ. ಅದರ ನಾಯಕಿ ಮಣ್ಣಿನ ಮುಖವಾಡದ ಹಿಂದೆ ತನ್ನ ಚೆಲುವನ್ನು ಮುಚ್ಚಿಕೊಂಡು ಬಾಳುವವಳು. ಅವಳಿಗೆ ಫ್ರಾನ್ಸಿನವರ ಗಾಜಿನ ಪಾದರಕ್ಷೆಯ ಹಂಗಿಲ್ಲ, ಹಾಲಿವುಡ್‌ನ ಅಪ್ಪಣೆಯೂ ಬೇಕಿಲ್ಲ. ಹೇಳಿದವರ ಬಾಯಿಗೆ ತಕ್ಕಂತೆ ಕಥೆ ತಿರುಗುತ್ತಿತ್ತು. ಒಬ್ಬರು ಹೇಳಿದ್ದೇ ಸರಿ ಎಂದು ಸಾಧಿಸಲು ಯಾರ ಬಳಿಯೂ ಪತ್ರವಿರಲಿಲ್ಲ.

ಹಾಗೆ ನೋಡಿದರೆ ಟೆಲಿವಿಷನ್‌ನ ಅಣಕು ಕಥೆಗಾರರು ಕಿನ್ನರಕಥೆಗೆ ಅಪಚಾರ ಮಾಡಲಿಲ್ಲ. ಒಂದೇ ಬಗೆಯಲ್ಲಿ ಹೆಪ್ಪುಗಟ್ಟಿದ್ದ ಕಥೆಯನ್ನು ಮತ್ತೆ ಕರಗಿಸಿದರು. ಅವರು ಮುರಿದದ್ದು ಕಥೆಯನ್ನಲ್ಲ, ಅದಕ್ಕೆ ಕಟ್ಟಿದ ಚಿನ್ನದ ಚೌಕಟ್ಟನ್ನು ಎನ್ನಬಹುದು.

ಹಾಗೆಂದು ಸರಣಿಯನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಹೆಣ್ಣು ಪಾತ್ರಗಳ ವಿಷಯದಲ್ಲಿ ಈ ಅಣಕಿನ ಹರಿತ ಕಡಿಮೆ. ರಾಜಕುಮಾರಿಯರು ಆಸೆಬುರುಕಿಯರು, ಇಲ್ಲವೇ ಮಂಕುಗಳು, ಹೆಂಡತಿಯರು ಬಾಯಿಬಡುಕಿಯರು. ರಾಜ, ರಾಜಕುಮಾರ, ತೋಳ ಎಲ್ಲರನ್ನೂ ತಲೆಕೆಳಗು ಮಾಡಿದ ಲೇಖಕರು ಈ ಒಂದನ್ನು ಮಾತ್ರ ಐವತ್ತರ ದಶಕದ ಚಾಳಿಯಲ್ಲೇ ಬಿಟ್ಟರು. ಸುಂದರವಾಗಿ ಸುಮ್ಮನೆ ಕಾಯುವ ನಾಯಕಿಯನ್ನು ಪ್ರಶ್ನಿಸುವ ಕೆಲಸವನ್ನು ಗಟ್ಟಿಯಾಗಿ ಮಾಡಿದ್ದು 1970ರ ದಶಕದ ಸ್ತ್ರೀವಾದಿ ವಿಮರ್ಶಕರು.

ಇನ್ನೊಂದು ಆಕ್ಷೇಪ ಬೇರೆ ದಿಕ್ಕಿನಿಂದ ಬಂತು. ಮನೋವಿಶ್ಲೇಷಕ ಬ್ರೂನೋ ಬೆಟಲ್‌ಹೈಮ್ 1976ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ವಾದಿಸಿದ್ದು, ಕಿನ್ನರಕಥೆಯ ಭಯ ಮಗುವಿಗೆ ಬೇಕೇ ಬೇಕು ಎಂದು. ಕಾಡು, ತೋಳ, ತೊರೆದುಹೋಗುವ ತಂದೆತಾಯಿ, ಇವುಗಳ ಮೂಲಕ ಮಗು ತನ್ನ ಒಳಗಿನ ಹೆದರಿಕೆಗಳನ್ನು ಎದುರಿಸಲು ಕಲಿಯುತ್ತದೆ ಎಂಬುದು ಅವರ ವಾದ. ಅವರು ದೂರಿದ್ದು ಮುಖ್ಯವಾಗಿ ಕಥೆಗಳನ್ನು ತೊಳೆದು ಸಪ್ಪೆ ಮಾಡುವವರನ್ನು. ಆದರೆ ಈ ಮಾತು ಅಣಕಕ್ಕೂ ತಗಲುತ್ತದೆ. ಚಟ ಬಿಟ್ಟ ತೋಳಕ್ಕೆ ಯಾವ ಮಗು ಹೆದರೀತು? ತೋಳಕ್ಕೆ ಒಮ್ಮೆ ಹೆದರಿದ ಮಗುವಿಗಷ್ಟೇ ಆ ತೋಳ ನಗು ತರಿಸುತ್ತದೆ. ಹೆದರಿಯೇ ಇರದವರಿಗೆ ಅದು ಬರಿಯ ಮಾತನಾಡುವ ನಾಯಿ.

1959ರ ವೀಕ್ಷಕರಿಗೆ ಈ ತೊಂದರೆ ಇರಲಿಲ್ಲ. ಕಥೆಗಳನ್ನು ಮಲಗುವ ಹೊತ್ತಿಗೆ ಕೇಳಿ, ಡಿಸ್ನಿ ಚಿತ್ರದಲ್ಲಿ ನೋಡಿ, ಆಮೇಲೆ ಅಣಕಕ್ಕೆ ಬಂದವರು ಅವರು. 1961ರಲ್ಲಿ ಸರಣಿ ಎನ್‌ಬಿಸಿ ವಾಹಿನಿಗೆ ಹೋಗಿ ‘ದ ಬುಲ್‌ವಿಂಕಲ್ ಶೋ’ ಆಯಿತು. ಡಿಸ್ನಿಯೂ ಅದೇ ವರ್ಷ ಎಬಿಸಿ ಬಿಟ್ಟು ಎನ್‌ಬಿಸಿಗೆ ಬಂದರು. ಭಾನುವಾರ ಸಂಜೆ 7 ಗಂಟೆಗೆ ಬುಲ್‌ವಿಂಕಲ್, ಏಳೂವರೆಗೆ ಡಿಸ್ನಿ! ಒಂದೇ ಸೋಫಾದಲ್ಲಿ ಕುಳಿತ ಮಕ್ಕಳು ಅಣಕವನ್ನೂ ಅಸಲನ್ನೂ ಬೆನ್ನು ಬೆನ್ನಿಗೆ ನೋಡಿದರು. ಒಂದು ಮತ್ತೊಂದನ್ನು ಅಳಿಸಲಿಲ್ಲ.

ನಂತರದ ತಲೆಮಾರಿನಲ್ಲಿ ಕ್ರಮ ತಿರುಗಿತು. ವಿಲಿಯಂ ಸ್ಟೈಗ್ ಅವರ 1990ರ ಮಕ್ಕಳ ಪುಸ್ತಕ ಆಧರಿಸಿ 2001ರಲ್ಲಿ ಬಂದ ‘ಶ್ರೆಕ್’ ಲೋಕವನ್ನೇ ನಗಿಸಿತು. ಅನಿಮೇಷನ್ ಚಿತ್ರಗಳಿಗೆಂದು ಹೊಸದಾಗಿ ಸ್ಥಾಪಿಸಿದ ಆಸ್ಕರ್ ಮೊದಲು ಸಂದದ್ದೂ ಅದಕ್ಕೇ. ಅದರಲ್ಲಿ ಬರುವ ಲಾರ್ಡ್ ಫಾರ್ಕ್ವಾಡ್‌ನ ರಾಜ್ಯ ಡಿಸ್ನಿಲ್ಯಾಂಡ್‌ನ ನೇರ ಗೇಲಿ: ಅದೇ ಅಚ್ಚುಕಟ್ಟು, ಅದೇ ಸರತಿ ಸಾಲು, ಅದೇ ಕೃತಕ ಸ್ವಾಗತಗೀತೆ. ಚಿತ್ರ ಮಾಡಿಸಿದ ಜೆಫ್ರಿ ಕಾಟ್ಜೆನ್‌ಬರ್ಗ್ ಡಿಸ್ನಿಯಿಂದ ಜಗಳವಾಡಿ ಹೊರಬಂದವರು. ‘ಸ್ಲೀಪಿಂಗ್ ಬ್ಯೂಟಿ ಲ್ಯಾಂಡ್’ ನೋಡಿದ್ದವರಿಗೆ ಈ ಜೋಕು ಹೊಸದಾಗಿರಲಿಲ್ಲ, ಖರ್ಚು ಮಾತ್ರ ಹೊಸದು. 2007ರಲ್ಲಿ ‘ಎನ್‌ಚ್ಯಾಂಟೆಡ್’ ಮಾಡಿ ಡಿಸ್ನಿ ಸಂಸ್ಥೆ ತನ್ನನ್ನು ತಾನೇ ಅಣಕಿಸಿಕೊಂಡಿತು. ಹೀಗೆ ಅಣಕವೇ ಮುಖ್ಯ ಬೀದಿಗೆ ಬಂದ ಮೇಲೆ, ಕಪ್ಪೆಯ ಕಥೆಯನ್ನೋ ತೋಳದ ಕಥೆಯನ್ನೋ ಮೊದಲ ಬಾರಿಗೆ ಅಣಕದಲ್ಲೇ ನೋಡುವ ಮಕ್ಕಳು ಬೆಳೆದರು. ಅವರಿಗೆ ನಗು ಬರುತ್ತದೆ, ನಿಜ. ಯಾವುದನ್ನು ನೆನೆದು ನಗಬೇಕೋ ಅದು ಮಾತ್ರ ಮನೆಯಲ್ಲಿ ಯಾರಾದರೂ ಹೇಳಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಂದ ಹಾಗೆ, ಹಳೆಯ ಸರಣಿಯ ಗತಿಯನ್ನೂ ಹೇಳಬೇಕು. ‘ದ ಬುಲ್‌ವಿಂಕಲ್ ಶೋ’ 1964ರಲ್ಲಿ ಎನ್‌ಬಿಸಿಯಿಂದ ಹೊರಬಿತ್ತು. ಮರುಪ್ರಸಾರಗಳು ಮಾತ್ರ ವರ್ಷಗಟ್ಟಲೆ ನಡೆದವು. ಹಾರ್ಟನ್ 1970ರಲ್ಲಿ, ಬಿಲ್ ಸ್ಕಾಟ್ 1985ರಲ್ಲಿ, ಬಟ್ಲರ್ 1988ರಲ್ಲಿ, ಜೇ ವಾರ್ಡ್ 1989ರಲ್ಲಿ ತೀರಿಕೊಂಡರು. ಸರಣಿಯ ವಿಡಿಯೊ ಕ್ಯಾಸೆಟ್‌ಗಳು 1991ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಾಗ, ಚಿಕ್ಕಂದಿನಲ್ಲಿ ಅದನ್ನು ನೋಡಿ ಬೆಳೆದವರು ತಮ್ಮ ಮಕ್ಕಳಿಗೆಂದು ಕೊಂಡರು. ಆ ಕ್ಯಾಸೆಟ್‌ಗಳನ್ನು ಹೊರತಂದು ಮಾರಿದ ಸಂಸ್ಥೆ ಬ್ಯೂನಾ ವಿಸ್ಟಾ ಹೋಮ್ ವಿಡಿಯೊ. ಅದು ಡಿಸ್ನಿಯವರದು.